ಅತ್ತೆಯ ಕಾಲು, ಸೊಸೆಯ ಸ್ಪ್ಯಾನರು

ಬೆಂಗಳೂರಿನಲ್ಲಿ ಕಾರು ಓಡಿಸುವವರ ಬಲಗಾಲು ಆಕ್ಸಿಲರೇಟರಿಗಿಂತ ಬ್ರೇಕಿನ ಮೇಲೇ ಹೆಚ್ಚು ಹೊತ್ತು ಇರುತ್ತದೆ ಎಂಬುದಕ್ಕೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಸಂಜೆ ಕಳೆದವರಿಗೆ ಬೇರೆ ಪುರಾವೆ ಬೇಕಾಗಿಲ್ಲ. ಆದರೂ ಎಂಜಿನ್ ಆಯಿಲನ್ನು ತಪ್ಪದೆ ಬದಲಾಯಿಸುವ ಜನ ಬ್ರೇಕ್ ಆಯಿಲ್ ಎಂಬುದೊಂದಿದೆ ಎನ್ನುವುದನ್ನೇ ಮರೆತಿರುತ್ತಾರೆ. ನಾವು ಕೊಂಡ ಸೆಕೆಂಡ್‌ಹ್ಯಾಂಡ್ ಕಾರಿನ ಹಿಂದಿನ ಒಡೆಯರು ಈ ಪಂಗಡಕ್ಕೆ ಸೇರಿದವರು. ಬಾನೆಟ್ಟಿನಡಿಯ ಪುಟ್ಟ ಡಬ್ಬದಲ್ಲಿ ತಿಳಿಹಳದಿಯಾಗಿರಬೇಕಾದ ಆಯಿಲ್ ಗಟ್ಟಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ನಂದಿಬೆಟ್ಟದ ತಿರುವುಗಳನ್ನು ಇಳಿಯುವಾಗ ಪೆಡಲ್ ಏಕೆ ಮೆತ್ತಗಾಗಿ ಒಳಕ್ಕೆ ಹೋಗುತ್ತಿತ್ತು ಎಂಬುದು ಅದನ್ನು ನೋಡಿದೊಡನೆ ಅರ್ಥವಾಯಿತು.

ಈ ಆಯಿಲಿಗೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಚಟವಿದೆ. ಡಾಟ್ 4 ದರ್ಜೆಯ ಹೊಸ ಆಯಿಲಿನ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು; ಶೇ. 3.7ರಷ್ಟು ನೀರು ಸೇರಿದರೆ ಅದೇ ದರ್ಜೆಯ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗುಳ್ಳೆಯನ್ನು ಧಾರಾಳವಾಗಿ ಕುಗ್ಗಿಸಬಹುದು. ಹೀಗಾಗಿ ನಾವು ಒತ್ತಿದ್ದೆಲ್ಲ ಚಕ್ರವನ್ನು ತಲುಪದೆ ಗುಳ್ಳೆಯ ಪಾಲಾಗುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಎನ್ನುವುದು ಈ ಕಾರಣಕ್ಕೆ.

ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಡಾಟ್ 4ರ ಸೀಲ್ ಒಡೆಯದ ಡಬ್ಬ ಕೇಳಿದಾಗ, ಅಂಗಡಿಯವರು ಬಹಳ ಮರ್ಯಾದೆಯಿಂದ, "ಮೆಕ್ಯಾನಿಕ್ ಬಂದಿಲ್ವಾ ಮೇಡಂ?" ಎಂದರು. ಬಂದಿದ್ದಾರೆ ಎಂದು ಹೇಳಿ ದುಡ್ಡು ಕೊಟ್ಟೆ. ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಎಂದೋ ತೆರೆದಿಟ್ಟಿದ್ದ ಅರ್ಧ ಡಬ್ಬವನ್ನು ಹುಡುಕಿ ತೆಗೆದ ನನ್ನ ಗಂಡ, ಇದಿರುವಾಗ ಹೊಸದೇಕೆ ಎಂದು ವಾದಿಸಿದರು. ಅಷ್ಟು ದಿನದಲ್ಲಿ ಅದು ಎಷ್ಟು ತೇವ ಕುಡಿದಿರಬಹುದೆಂದು ವಿವರಿಸಿ, ಅವರ ಕೈಗೆ ಟಾರ್ಚ್ ಕೊಟ್ಟೆ.

ಹಳೆಯ ಆಯಿಲನ್ನೂ ಒಳಸೇರಿದ ಗಾಳಿಯನ್ನೂ ಹೊರತೆಗೆಯುವ ಈ ಕೆಲಸವನ್ನು ಮಾಸ್ಟರ್ ಸಿಲಿಂಡರಿಗೆ, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಸಿಲಿಂಡರಿಗೆ, ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ. ಕೆಲವು ಕಾರುಗಳಿಗೆ ಬೇರೆ ಕ್ರಮವಿರುವುದರಿಂದ ಮ್ಯಾನ್ಯುಯಲ್ ನೋಡಿಕೊಳ್ಳಬೇಕು. ನಮ್ಮ ಕಾರಿನಲ್ಲಿ ಅದು ಹಿಂದಿನ ಎಡಚಕ್ರ. 30×40 ಅಡಿಯ ಸೈಟಿನಲ್ಲಿ ಕಟ್ಟಿದ ಮನೆಯ ಪೋರ್ಟಿಕೊದಲ್ಲಿ ಆ ಚಕ್ರ ಕಾಂಪೌಂಡಿಗೂ ತುಳಸಿಕಟ್ಟೆಗೂ ನಡುವೆ ಹಲ್ಲಿ ಮಾತ್ರ ತಲುಪಬಲ್ಲ ಜಾಗದಲ್ಲಿತ್ತು. ಕಾರನ್ನು ಅರ್ಧ ರಸ್ತೆಗೆ ತರಲೇಬೇಕಾಯಿತು. ಅಲ್ಲಿಗೆ ನಮ್ಮ ಕೆಲಸ ಸಾರ್ವಜನಿಕವಾಯಿತು. ಸೊಪ್ಪು ಕೊಳ್ಳಲು ಬಂದವರು, ನಾಯಿಯನ್ನು ಸುತ್ತಾಡಿಸುತ್ತಿದ್ದವರು, ಹಾಲು ತರಲು ಹೊರಟವರು ನಿಂತು ಸಲಹೆ ಕೊಟ್ಟರು. ಸ್ಪ್ಯಾನರ್ ಹಿಡಿದು ನೆಲದ ಮೇಲೆ ಮಲಗಿದ್ದವಳು ನಾನಾದರೂ, ಸಲಹೆಗಳೆಲ್ಲ ಟಾರ್ಚ್ ಹಿಡಿದು ನಿಂತಿದ್ದವರಿಗೇ ಸಂದವು.

ಪೆಡಲ್ ಒತ್ತುವ ಜವಾಬ್ದಾರಿ ಅತ್ತೆಯವರದು. ಈ ಕೆಲಸದಲ್ಲಿ ಸ್ಪ್ಯಾನರ್ ಹಿಡಿದವರಿಗಿಂತ ಪೆಡಲ್ ಮೇಲೆ ಕೂತವರೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಜಿನ್ ಆಫ್ ಇರಬೇಕು. ಅವರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯಬೇಕು. ನಾನು ಚಕ್ರದ ಬ್ರೇಕಿನಿಂದ ಆಯಿಲ್ ಹೊರಬಿಡುವ ಪುಟ್ಟ ತಿರುಪನ್ನು, ಅಂದರೆ ನಿಪ್ಪಲನ್ನು, ಸ್ವಲ್ಪವೇ ಸಡಿಲಿಸಿ, ಪಾರದರ್ಶಕ ಟ್ಯೂಬಿನ ಮೂಲಕ ಗುಳ್ಳೆ ಸಮೇತ ಆಯಿಲ್ ಬಾಟಲಿಗೆ ಇಳಿದ ಮೇಲೆ ಬಿಗಿ ಮಾಡಬೇಕು. ಬಿಗಿ ಮಾಡಿದೆ ಎಂದು ನಾನು ಕೂಗಿದ ಮೇಲಷ್ಟೇ ಅವರು ಕಾಲು ತೆಗೆಯಬೇಕು. ಮೊದಲೇ ತೆಗೆದರೆ ನಿಪ್ಪಲ್ ಅಷ್ಟೂ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದ ಆ ಕಾಲಿಗೆ ಒಂದು ಕಡೆ ನಿಲ್ಲುವುದು ಒಗ್ಗಲಿಲ್ಲ. ನಾನು ಸಡಿಲಿಸಿದೊಡನೆ ಅದು ತಾಳಬದ್ಧವಾಗಿ ತುಳಿಯಲಾರಂಭಿಸಿತು, ಟ್ಯೂಬಿನಲ್ಲಿ ಆಯಿಲ್ ಮೇಲಕ್ಕೂ ಕೆಳಕ್ಕೂ ಓಡಾಡಿತು.

"ಅತ್ತೆ, ತುಳೀಬೇಡಿ, ಒತ್ತಿ ಹಿಡ್ಕೊಳ್ಳಿ."

"ಒತ್ತೇ ಇದೀನಲ್ಲಮ್ಮ. ಅದೇ ವಾಪಸ್ ಬರ್ತಿದೆ."

ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಪೆಡಲನ್ನು ತಳಮುಟ್ಟ ಒತ್ತಿದರೆ, ಎಂದೂ ಬಳಕೆಯಾಗದ ಭಾಗದ ತುಕ್ಕಿಗೆ ಸೀಲ್ ಉಜ್ಜಿ ಹರಿಯಬಹುದು. ಅದಕ್ಕಾಗಿ ಪೆಡಲಿನಡಿ ಊಟದ ಮಣೆ ಇಡಲು ನನ್ನ ಗಂಡ ಸೂಚಿಸಿದಾಗ ಅತ್ತೆ ಕಾಲೆತ್ತಿಬಿಟ್ಟರು. ಪುಣ್ಯಕ್ಕೆ ನಿಪ್ಪಲ್ ಬಿಗಿಯಾಗಿತ್ತು. ಊಟದ ಮಣೆಯ ಮೇಲೆ ಕಾಲಿಡುವುದು ಅವರ ಜನ್ಮದಲ್ಲಿ ಸಾಧ್ಯವಿರಲಿಲ್ಲ. ಪ್ಲೈವುಡ್ ತುಂಡಿನಿಂದ ಸಂಧಾನವಾಯಿತು. ಮರುಕ್ಷಣ ಅತ್ತೆಗೆ ತುಮಕೂರಿನ ತಂಗಿಯ ಫೋನ್ ಬಂತು. "ಕಾರ್ ರಿಪೇರಿ ಮಾಡ್ತಿದೀನಿ ಕಣೇ" ಎಂಬ ಹೆಮ್ಮೆಯಲ್ಲಿ ಕಾಲು ಮೇಲೆದ್ದಿತು, ಈ ಸಲ ನಿಪ್ಪಲ್ ತೆರೆದಿತ್ತು. ಗುಟುಕರಿಸಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ಚಕ್ರವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಇತ್ತ ಮೇಲಿನ ಡಬ್ಬದಲ್ಲಿ ಆಯಿಲ್ ಕನಿಷ್ಠ ಗೆರೆಗಿಂತ ಇಳಿಯದಂತೆ ನೋಡಿಕೊಳ್ಳುತ್ತಿದ್ದವರು ನನ್ನ ಗಂಡ. ಅಲ್ಲಿ ಖಾಲಿಯಾದರೆ ಗಾಳಿ ಮೇಲಿನಿಂದಲೇ ಇಳಿಯುತ್ತದೆ. ಸುರಿಯುವುದನ್ನು ಅವರು ಅಚ್ಚುಕಟ್ಟಾಗಿಯೇ ಸುರಿದರು. ಸುರಿದ ಮೇಲೆ ಅಂಚಿನಿಂದ ಜಿನುಗುತ್ತಿದ್ದ ಹೊಸ ಡಬ್ಬವನ್ನು ತಮ್ಮದೇ ಸ್ಕೂಟರಿನ ಮಡ್‌ಗಾರ್ಡಿನ ಮೇಲಿಟ್ಟು, ಎದುರುಮನೆಯವರೊಡನೆ ಮೆಟ್ರೊ ಕಾಮಗಾರಿಯ ವಿಚಾರ ಮಾತಾಡುತ್ತ ನಿಂತರು. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಬಿದ್ದ ಕೂಡಲೇ ಸಾಕಷ್ಟು ನೀರು ಹಾಕಿ ತೊಳೆಯಬೇಕು. ಮೆಟ್ರೊ ಮಾತು ಮುಗಿಯುವ ವೇಳೆಗೆ ಮಡ್‌ಗಾರ್ಡಿನ ಮೇಲೆ ಡಬ್ಬದ ತಳದಷ್ಟೇ ಅಗಲದ ಉಂಗುರವೊಂದು ಉಬ್ಬಿ ಸುಕ್ಕುಗಟ್ಟಿತ್ತು. ಅವರು ಅದನ್ನು ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು.

ಮುಂದಿನ ಚಕ್ರಗಳ ಹೊತ್ತಿಗೆ ಅತ್ತೆಯವರ ಕಾಲು ಪಳಗಿತ್ತು, ಫೋನು ಒಳಗೆ ಚಾರ್ಜಿಗೆ ಹೋಗಿತ್ತು. ಟ್ಯೂಬಿನಲ್ಲಿ ಗುಳ್ಳೆ ನಿಂತು ತಿಳಿಯಾದ ಆಯಿಲ್ ಬರತೊಡಗಿತು. ಪೆಡಲ್ ಗಟ್ಟಿಯಾಗಿ ಮೇಲೆಯೇ ನಿಂತಿತು. ನಮ್ಮ ಬೀದಿಯ ಹಂಪಿನ ಮುಂದೆ ನಿಧಾನವಾಗಿ ಹೋಗಿ ಬ್ರೇಕ್ ಹಾಕಿ ನೋಡಿ ಬಂದೆವು. ತೆಗೆದ ಆಯಿಲನ್ನು ಮೋರಿಗೆ ಸುರಿಯದೆ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಲು ಬಾಟಲಿಯಲ್ಲಿ ಎತ್ತಿಟ್ಟೆ.

ಅಷ್ಟರಲ್ಲಿ ಎದುರುಮನೆಯವರು ಬಂದು ನನ್ನ ಗಂಡನ ಹೆಗಲು ತಟ್ಟಿ, "ಮುಂದಿನ ಭಾನುವಾರ ನಮ್ ಕಾರಿಗೂ ಏರ್ ತೆಗೆದುಕೊಡ್ತೀರಾ ಸಾರ್?" ಎಂದರು. ನನ್ನ ಗಂಡ ಸ್ಕೂಟರಿನ ಕಡೆ ನೋಡುತ್ತ ಉತ್ತರಕ್ಕೆ ತಡಕಾಡುವಾಗ, ಇನ್ನೂ ಡ್ರೈವರ್ ಸೀಟಿನಿಂದ ಇಳಿಯದಿದ್ದ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು: "ಮೊದ್ಲು ಡಬ್ಬದ ಮುಚ್ಚಳ ನೋಡ್ಕೊಂಡು ಬನ್ನಿ, ಡಾಟ್ ತ್ರೀನೋ ಫೋರೋ ಅಂತ. ಆಮೇಲೆ ಮಾತಾಡೋಣ."