ಮೀಟರ್ ನೋಡಿ, ಬೈಕ್ ನೋಡಬೇಡಿ

ನಮ್ಮ ಜಿಲ್ಲೆಯ ಡಾಕ್ಟರುಗಳು ರೋಗಿಗಳನ್ನು ಯಾವಾಗ ನೋಡುತ್ತಾರೋ ಗೊತ್ತಿಲ್ಲ. ಸೆಕೆಂಡ್ ಹ್ಯಾಂಡ್ ಬೈಕಿನ ಜಾಹೀರಾತು ಓದಿದರೆ, ಬೈಕ್ ಕೊಳ್ಳುವುದು, ಓಡಿಸದೆ ಒರೆಸಿಡುವುದು, ಹದಿನೈದು ವರ್ಷ ಬಿಟ್ಟು ಮಾರುವುದು, ಇದೇ ಅವರ ಕಸುಬು ಅನಿಸುತ್ತದೆ. 'ಡಾಕ್ಟರ್ ಇಟ್ಟುಕೊಂಡಿದ್ದ ಗಾಡಿ' ಅನ್ನುವುದು ಶಿರಸಿ ಕಡೆಯ ಮಾತು. ಕಾರವಾರಕ್ಕೆ ಇಳಿದರೆ ಡಾಕ್ಟರ್ ಜಾಗಕ್ಕೆ ನೇವಿ ಆಫೀಸರ್ ಬರುತ್ತಾರೆ. ಅರಗಾದಲ್ಲಿ ಕದಂಬ ನೌಕಾನೆಲೆಯೇ ಇರುವಾಗ ನಂಬದೇ ಇರಲಿಕ್ಕೆ ಕಾರಣವೂ ಇಲ್ಲ. ಭಟ್ಕಳಕ್ಕೆ ಹೋದರೆ ದುಬೈಯಲ್ಲಿರುವ ಅಣ್ಣ. ವರ್ಷಕ್ಕೊಮ್ಮೆ ರಜೆಗೆ ಬಂದಾಗ ಮಾತ್ರ ಹತ್ತಿದ್ದು, ಅದೂ ಶುಕ್ರವಾರ ಮಾತ್ರ.

ಮಾಲೀಕರು ಬೇರೆ ಬೇರೆ, ಮೀಟರ್ ಮಾತ್ರ ಎಲ್ಲರದ್ದೂ ಒಂದೇ ಥರ. ನಾಲ್ಕು ಸಾವಿರ, ಐದು ಸಾವಿರ, ಬಹಳ ಅಂದರೆ ಏಳು. ಮೊನ್ನೆ ಮಾರಾಟಕ್ಕೆ ಬಂದದ್ದು 2009ರ ಯಮಹಾ ಆರ್1. ಜಪಾನಿನಲ್ಲೇ ಪೂರ್ತಿ ತಯಾರಾಗಿ ಹಡಗಿನಲ್ಲಿ ಬಂದ ಸಾವಿರ ಸಿಸಿ ಗಾಡಿ. ಗೋವಾ ನಂಬರ್. ಓಡಿದ್ದು ಬರೀ 4,300 ಕಿಲೋಮೀಟರ್. ಹದಿನಾರು ವರ್ಷಕ್ಕೆ ಹಂಚಿ ನೋಡಿ, ದಿನಕ್ಕೆ ಮುಕ್ಕಾಲು ಕಿಲೋಮೀಟರ್ ಕೂಡ ಬೀಳುವುದಿಲ್ಲ. ಅಷ್ಟು ದೂರ ಕಾರವಾರದ ಅಜ್ಜಿಯಂದಿರು ಬೆಳಿಗ್ಗೆ ಮೀನುಪೇಟೆಗೆ ನಡೆದೇ ಹೋಗಿ ಬರುತ್ತಾರೆ. ಅವರಿಗೆ ಯಾರೂ 'ಲೋ ಕಿಲೋಮೀಟರ್' ಅಂತ ಹೆಚ್ಚಿನ ಬೆಲೆ ಕಟ್ಟಿದ್ದು ನಾನು ಕಂಡಿಲ್ಲ.

ಆ ಗಾಡಿ ನೋಡಲು ಶಿರಸಿಯಿಂದ ಪರಿಚಯದ ಹೆಗಡೆಯವರೊಬ್ಬರು ಮಗನನ್ನು ಕಟ್ಟಿಕೊಂಡು ಘಟ್ಟ ಇಳಿದು ಬಂದರು. ಹೆಗಡೆಯವರು ಅಡಿಕೆ ವ್ಯಾಪಾರದಲ್ಲಿ ಪಳಗಿದವರು. ಚಾಲಿ ಅಡಿಕೆಯ ಚೀಲದ ಬಾಯಿ ಬಿಚ್ಚಿದರೆ ಮೇಲಿನ ಅಡಿಕೆ ಮುಟ್ಟುವುದೇ ಇಲ್ಲ. ಮೊಣಕೈತನಕ ಕೈ ಇಳಿಸಿ, ತಳದಿಂದ ನಾಲ್ಕು ತೆಗೆದು, ಕತ್ತರಿಸಿ, ಒಳಗಿನ ಬಣ್ಣ ನೋಡಿ, ಮೂಸಿ, ಆಮೇಲೆ 'ಹ್ಞೂಂ' ಅನ್ನುತ್ತಾರೆ. ಆ 'ಹ್ಞೂಂ'ಗೆ ರೇಟ್ ಹೆಚ್ಚೋ ಕಡಿಮೆಯೋ ಅಂತ ಬೆಳೆಗಾರ ಬೆವರುತ್ತಾನೆ. ಇಂಥವರು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಬೈಕನ್ನು ಹೇಗೆ ಪರೀಕ್ಷೆ ಮಾಡುತ್ತಾರೆ ಅಂತ ನೋಡುವ ಆಸೆಗೆ ನಾನೂ ಜೊತೆಗೆ ಹೋದೆ.

ಮಾರುವವರು ಎರಡು ತಾಡಪತ್ರಿ, ಅದರ ಕೆಳಗೊಂದು ಹಳೇ ಬೆಡ್‌ಶೀಟ್ ಎಳೆದರು. ಕೀ ತಿರುಗಿಸಿದರೆ ಮೀಟರೇ ಹತ್ತಲಿಲ್ಲ. ಬ್ಯಾಟರಿ ಸತ್ತಿತ್ತು. ಪಕ್ಕದ ಮನೆಯ ಓಮ್ನಿಯನ್ನು ಅಂಗಳಕ್ಕೆ ತಂದು ವೈರ್ ಎಳೆದರು. ಅಂಕಿ ಬೆಳಗಿತು. ಹೆಗಡೆಯವರ ಮುಖವೂ ಬೆಳಗಿತು.

"ನೋಡಿ ಹೆಗಡೇರೆ, ನಿಮ್ಮ ಕಣ್ಣಾರೆ ನೋಡ್ಕಳಿ."

ಹೆಗಡೆಯವರು ಕನ್ನಡಕ ಏರಿಸಿ ನೋಡಿದರು. ಮಗ ಫೋನಿನಲ್ಲಿ ಅಂಕಿಯ ಫೋಟೋ ತೆಗೆದ. ದರ್ಶನ ಮುಗಿಯಿತು. ಕಾಫಿ ಬಂತು.

ಕೆಳಗೆ ಇನ್ನೊಂದು ಅಂಕಿಯೂ ಇತ್ತು. ಟೈರಿನ ಪಕ್ಕದಲ್ಲಿ, ಸಣ್ಣ ಚೌಕಟ್ಟಿನೊಳಗೆ, 3209. ಅಂದರೆ 2009ನೇ ಇಸವಿಯ 32ನೇ ವಾರ. ಆ ರಬ್ಬರ್ ತಯಾರಾಗಿದ್ದು ಹದಿನಾರು ವರ್ಷದ ಹಿಂದಿನ ಆಗಸ್ಟ್ ತಿಂಗಳಲ್ಲಿ. ಉಗುರು ಒತ್ತಿದರೆ ಇಳಿಯುವುದಿಲ್ಲ, ಗೆರೆಗಳ ನಡುವೆ ಕೂದಲಿನಷ್ಟು ಸಣ್ಣ ಬಿರುಕು. ಇದನ್ನು ತೋರಿಸಿದ್ದಕ್ಕೆ ಮಾರುವವರು ಎದೆಯುಬ್ಬಿಸಿ ಹೇಳಿದರು: "ಅದೇ ನೋಡಿ, ಕಂಪನಿ ಟೈರೇ ಇನ್ನೂ ಇದೆ!" ಹೆಗಡೆಯವರು ತಲೆದೂಗಿದರು.

ಮೀಟರ್ ಸುಳ್ಳು ಹೇಳುವುದು ನಮ್ಮಲ್ಲಿ ಹೊಸದಲ್ಲ. ಹಳೇ ಗಾಡಿಗಳಲ್ಲಿ ಮುಂದಿನ ಚಕ್ರದಿಂದ ಬರುವ ಕೇಬಲ್ ಕಿತ್ತಿಟ್ಟರೆ ಕನ್ಯಾಕುಮಾರಿಗೆ ಹೋಗಿ ಬಂದರೂ ಅಂಕಿ ಅಲ್ಲಾಡುವುದಿಲ್ಲ. ಡಿಜಿಟಲ್ ಆದರೆ ಇನ್ನೊಂದು ಗಾಡಿಯ ಮೀಟರನ್ನೇ ತಂದು ಕೂರಿಸಬಹುದು. ಹಿಡಿಯುವುದು ಕಷ್ಟವೇನಲ್ಲ. ಬ್ರೇಕ್ ಡಿಸ್ಕಿನ ಅಂಚಿಗೆ ಬೆರಳು ಸವರಿದರೆ ಸವೆದ ಮೆಟ್ಟಿಲು ಕೈಗೆ ಸಿಗುತ್ತದೆ. ಡಿಸ್ಕ್ ಕನಿಷ್ಠ ಎಷ್ಟು ದಪ್ಪ ಇರಬೇಕು ಅಂತ ಅದರ ಮೇಲೇ ಕೆತ್ತಿರುತ್ತಾರೆ. ಚೈನ್ ಕೂರುವ ಸ್ಪ್ರಾಕೆಟ್ ಚಕ್ರದ ಹಲ್ಲು ಚೂಪಾಗಿದ್ದರೆ, ಕೀ ತೂತಿನ ಸುತ್ತ ಗೀರು ತುಂಬಿದ್ದರೆ ಗಾಡಿಯೇ ಬಾಯಿಬಿಟ್ಟು ಹೇಳುತ್ತದೆ. ಆದರೆ ಈ ಗಾಡಿಯ ಡಿಸ್ಕ್ ಸಪಾಟಾಗಿತ್ತು, ಹಲ್ಲುಗಳೂ ಸರಿ ಇದ್ದವು. ಮೀಟರ್ ಸತ್ಯವನ್ನೇ ಹೇಳಿತ್ತು. ತೊಂದರೆ ಇರುವುದೇ ಅಲ್ಲಿ.

ಕಡಲಿನಿಂದ ಕೂಗಳತೆಯಲ್ಲಿ ಹದಿನಾರು ಮಳೆಗಾಲ ನಿಂತ ಗಾಡಿ ಇದು. ಜೂನ್ ಬಂದರೆ ನಮ್ಮಲ್ಲಿ ಕಬಾಟಿನೊಳಗಿನ ಬೆಲ್ಟಿಗೂ ಬೂಷ್ಟು ಬರುತ್ತದೆ, ತಾಡಪತ್ರಿ ಅಡಿಯ ಕಬ್ಬಿಣ ಏನಾಗಬೇಕು? ಉಪ್ಪುಗಾಳಿಗೆ ಬೋಲ್ಟ್ ಹಿಡಿದು ಕೂರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿದು ಕಂದು ಬಣ್ಣಕ್ಕೆ ತಿರುಗುತ್ತದೆ. ಮುಂದಿನ ಫೋರ್ಕಿನ ಸೀಲ್ ಒಣಗಿ ಸೀಳುತ್ತದೆ. ಟ್ಯಾಂಕಿನ ಪೆಟ್ರೋಲ್ ಅಂಟಾಗಿ ಪಂಪು, ಇಂಜೆಕ್ಟರ್‌ಗೆ ಮೆತ್ತಿಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಬೇರೆ, ಅದು ನೀರನ್ನು ಕರೆದು ಕೂರಿಸಿಕೊಳ್ಳುವ ಸ್ವಭಾವದ್ದು. ಇದನ್ನೆಲ್ಲ ಸರಿಮಾಡುವ ಸಾಮಾನು ಕುಮಟಾ ಪೇಟೆಯಲ್ಲಿ ಸಿಗುವುದಿಲ್ಲ, ಹೊರಗಿಂದ ತರಿಸಬೇಕು. ನಮ್ಮ ಜೊತೆ ಬಂದ ಮೆಕ್ಯಾನಿಕ್ ಜೀವಮಾನವಿಡೀ ಆರ್‌ಎಕ್ಸ್ 100 ಬಿಚ್ಚಿ ಕಟ್ಟಿದವನು. ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮೆಲ್ಲಗೆ ಹೇಳಿದ: "ಹೆಗಡೇರೆ, ಐವತ್ತು ಸಾವಿರ ಓಡಿದ್ದು ಇದ್ರೆ ಧೈರ್ಯವಾಗಿ ತಗಳಿ ಅಂತಿದ್ದೆ. ಇದು ಓಡಿದ್ದೇ ಇಲ್ಲ ಮಾರಾಯ್ರೆ."

ಹೆಗಡೆಯವರ ಕಿವಿಗೆ ಬಿದ್ದದ್ದು ಕೊನೆಯ ವಾಕ್ಯ ಮಾತ್ರ. ರೇಟ್ ಮಾತಾಡಲು ಶುರು ಮಾಡಿದರು.

ಈ ಹುಚ್ಚಿಗೆ ಸರ್ಕಾರದ ಬೆಂಬಲವೂ ಇದೆ. ಹದಿನೈದು ವರ್ಷ ದಾಟಿದ ನಮ್ಮ ಊರಿನ ಬೈಕಿನ ನೋಂದಣಿ ಮುಂದುವರಿಸಲು 2022ರ ಏಪ್ರಿಲ್‌ನಿಂದ ಶುಲ್ಕ 1,000 ರೂಪಾಯಿ. ಅದೇ ವಯಸ್ಸಿನ ಇಂಪೋರ್ಟೆಡ್ ಬೈಕಿಗೆ 10,000. ಎರಡಕ್ಕೂ ಎರಡೇ ಚಕ್ರ, ಬರೆಯುವುದು ಅದೇ ಫಾರಂ 25, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಉಜ್ಜುವ ಪೆನ್ಸಿಲ್ ಕೂಡ ಒಂದೇ. ಆದರೂ ಫಾರಿನ್ನಿನ ತುಕ್ಕಿಗೆ ಹತ್ತು ಪಟ್ಟು ಮರ್ಯಾದೆ. ತಡ ಮಾಡಿದರೆ ತಿಂಗಳಿಗೆ 300 ದಂಡ. ಇಪ್ಪತ್ತು ವರ್ಷ ದಾಟಿದರೆ 2025ರ ಹೊಸ ಲೆಕ್ಕದಲ್ಲಿ ನಮ್ಮದಕ್ಕೆ 2,000, ಅದಕ್ಕೆ 20,000. ಬೈಕ್ ಮುದಿಯಾದಷ್ಟೂ ಅದರ ಮೇಲಿನ ಗೌರವ ಹೆಚ್ಚಾಗುವ ಏರ್ಪಾಡು.

ಗೋವಾ ನಂಬರಾದರೆ ಇನ್ನೊಂದು ಸುತ್ತು. ಅಲ್ಲಿಂದ ಅಡ್ಡಿಯಿಲ್ಲ ಅನ್ನುವ ಎನ್‌ಓಸಿ ಪತ್ರ, ಇಲ್ಲಿ ಜೀವಾವಧಿ ತೆರಿಗೆ, ಆಮೇಲೆ ಕಾರವಾರದ ಕೆಎ 30 ಅಥವಾ ಶಿರಸಿಯ ಕೆಎ 31 ನಂಬರ್. ಗೋವಾ ಗಡಿಯ ಮಾಜಾಳಿ ಗೇಟ್ ದಾಟಿ ಪೆಟ್ರೋಲ್ ಹಾಕಿಸಿಕೊಂಡು ಬಂದು ನಾಲ್ಕು ಕಾಸು ಉಳಿಸುವ ಜನ ನಾವು. ಅದೇ ಗೇಟಿನಿಂದ ಬೈಕ್ ತಂದು, ಉಳಿಸಿದ್ದನ್ನೆಲ್ಲ ಬಡ್ಡಿ ಸಮೇತ ಕಟ್ಟುತ್ತೇವೆ.

'ಜಪಾನಿನಿಂದ ನೇರ ಸೆಕೆಂಡ್ ಹ್ಯಾಂಡ್ ತರಿಸಿಕೊಡ್ತೇನೆ' ಅನ್ನುವ ಏಜೆಂಟರೂ ಇದ್ದಾರೆ. ನಮ್ಮ ಆಮದು ನಿಯಮದ ಪ್ರಕಾರ ಬಳಸಿದ ವಾಹನ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಇಳಿಯುವುದೂ ಮುಂಬೈ ಬಂದರಿನಲ್ಲೇ. ಹದಿನಾರು ವರ್ಷದ ಬೈಕನ್ನು ಹಾಗೆ ತರುವ ದಾರಿ ಇಲ್ಲ. ಹೇಳಿದರೆ ಏಜೆಂಟ್ ನಗುತ್ತಾನೆ, "ಅದೆಲ್ಲ ನಾವು ನೋಡ್ಕೊಳ್ತೇವೆ ಬಿಡಿ." ಅವನು ನೋಡಿಕೊಂಡ ಮೇಲೆ ಕಸ್ಟಮ್ಸಿನವರು ಬಂದು ನಿಮ್ಮನ್ನು ನೋಡಿಕೊಳ್ಳುತ್ತಾರೆ.

ಇಷ್ಟೆಲ್ಲ ಆಗಿ ಗಾಡಿ ರಸ್ತೆಗೆ ಬಂತು ಅಂತಲೇ ಇಟ್ಟುಕೊಳ್ಳಿ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಮಿತಿ ಗಂಟೆಗೆ 80. ಆರ್1 ಮೊದಲನೇ ಗೇರಿನಲ್ಲೇ ನೂರು ದಾಟುತ್ತದೆ. ಅಂದರೆ ಉಳಿದ ಐದು ಗೇರು ಶೋಕಿಗೆ. 66ನೇ ನಂಬರ್ ಹೆದ್ದಾರಿಯಲ್ಲಿ ಆ 80 ಮುಟ್ಟುವುದರೊಳಗೆ ಒಂದು ಡೈವರ್ಶನ್, ಎರಡು ಎಮ್ಮೆ. ದೇವಿಮನೆ ಘಟ್ಟದ ತಿರುವಿನಲ್ಲಿ ಗಲ್ಲವನ್ನು ಟ್ಯಾಂಕಿಗೆ ಒತ್ತಿ ಬಗ್ಗಿ ಕೂತವನನ್ನು ಬಾಳೆಗೊನೆ ಹೇರಿಕೊಂಡ ಸ್ಕೂಟರಿನವರು ಓವರ್‌ಟೇಕ್ ಮಾಡುತ್ತಾರೆ. ಊರಿಗೆ ಮುಟ್ಟಿದರೆ ಕಟ್ಟೆ ಮೇಲೆ ಕೂತ ಅಜ್ಜನ ಪ್ರಶ್ನೆ ಒಂದೇ: "ತಮಾ, ಲೀಟರಿಗೆ ಎಷ್ಟು ಕೊಡ್ತು?"

ಓಡದೇ ಇರುವುದಕ್ಕೇ ಬೆಲೆ ಅಂದಮೇಲೆ ಹುಬ್ಬಳ್ಳಿ-ಅಂಕೋಲಾ ರೈಲನ್ನು ಇನ್ನೂ ಯಾಕೆ ಯಾರೂ ಹರಾಜಿಗೆ ಹಾಕಿಲ್ಲ ಅನ್ನುವುದು ನನ್ನ ಅನುಮಾನ. ತೊಂಬತ್ತರ ದಶಕದಲ್ಲಿ ಮಂಜೂರಾದದ್ದು, ಮೀಟರ್ ಸೊನ್ನೆ, ಒಂದು ಗೀರಿಲ್ಲ. ಇಡೀ ಜಿಲ್ಲೆಯಲ್ಲಿ ಅಷ್ಟು ಕಡಿಮೆ ಓಡಿದ ಗಾಡಿ ಇನ್ನೊಂದಿಲ್ಲ.

ಹೆಗಡೆಯವರು ಗಾಡಿ ತಗೊಂಡರು. ಓಡಿಸಿಕೊಂಡು ಹೋದರೆ ನೂರಿಪ್ಪತ್ತು ಕಿಲೋಮೀಟರ್ ಏರುತ್ತದಲ್ಲ, ಆದ್ದರಿಂದ ಪಿಕಪ್ಪಿನಲ್ಲಿ ಹೇರಿಸಿದರು. ಈಗ ಅದು ಅಡಿಕೆ ಅಟ್ಟದ ಕೆಳಗೆ ಹೊಸ ಕವರ್ ಹೊದ್ದು ನಿಂತಿದೆ. ಮಗ ಭಾನುವಾರ ಒರೆಸುತ್ತಾನೆ, ಸ್ಟಾರ್ಟ್ ಮಾಡಿ ಐದು ನಿಮಿಷ ಗುಡುಗಿಸುತ್ತಾನೆ, ಆಫ್ ಮಾಡುತ್ತಾನೆ. ಡೈರಿಗೆ ಹಾಲು ಹಾಕಲು, ಪೇಟೆಯಿಂದ ಹಿಂಡಿ ತರಲು, ಅಮ್ಮನನ್ನು ಮಾರಿಗುಡಿಗೆ ಕರೆದೊಯ್ಯಲು ಮನೆಯ ಹಳೇ ಸ್ಕೂಟರ್ ಇದ್ದೇ ಇದೆ. ಒಂದೇ ಕಿಕ್ಕಿಗೆ ಹತ್ತುತ್ತದೆ, ಮೀಟರ್ 61,000 ದಾಟಿದೆ. ಜಾಗ ಸಾಲುತ್ತಿಲ್ಲ ಅಂತ ಹೆಗಡೆಯವರು ಅದನ್ನು ಮಾರಾಟಕ್ಕೆ ಇಟ್ಟಿದ್ದಾರೆ. ಬಂದವರೆಲ್ಲ ಮೀಟರ್ ನೋಡಿ ವಾಪಸ್ ಹೋಗುತ್ತಿದ್ದಾರೆ. ಜಾಸ್ತಿ ಓಡಿಬಿಟ್ಟಿದೆಯಂತೆ.