ರೌಡಿ ಪಟ್ಟಿಗೆ ಸೇರಿದವನು ಹೊರಗೆ ಬರುವುದು ಹೇಗೆ?

ಗಣೇಶನ ಹಬ್ಬ ಹತ್ತಿರ ಬಂತೆಂದರೆ, ಚುನಾವಣೆ ಘೋಷಣೆಯಾಯಿತೆಂದರೆ ಬೆಂಗಳೂರಿನ ಟಿವಿ ಚಾನೆಲ್‌ಗಳಲ್ಲಿ ರೌಡಿ ಪರೇಡ್ ಬಂದೇ ಬರುತ್ತದೆ. ಮೈದಾನದಲ್ಲಿ ಸಾಲಾಗಿ ಕುಕ್ಕರಗಾಲಲ್ಲಿ ಕೂತ ಗಂಡಸರು. ಅಧಿಕಾರಿ ಒಬ್ಬೊಬ್ಬನ ಎದುರು ನಿಂತು, "ಏನೋ, ಈಗ ಏನ್ ಕೆಲ್ಸ ಮಾಡ್ತಿದೀಯ?" ಎಂದು ಕೇಳುತ್ತಾರೆ. ಉದ್ದ ಕೂದಲಿನವನಿಗೆ ಕಟಿಂಗ್ ಮಾಡಿಸಿಕೊಂಡು ಬಾ ಅನ್ನುತ್ತಾರೆ, ಕುತ್ತಿಗೆಯ ಹಚ್ಚೆ ತೋರಿಸಿ ಗದರುತ್ತಾರೆ. ಕ್ಯಾಮೆರಾ ಅವನ ಮುಖದ ಹತ್ತಿರಕ್ಕೆ ಹೋಗುತ್ತದೆ. ಶಿಕಾಗೊ ನಗರದ ಹೊರವಲಯದಲ್ಲಿ ಕೂತು ಫೋನಿನಲ್ಲಿ ಇದನ್ನು ನೋಡುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಲಿ ಕೂತವರೆಲ್ಲ ಅಮಾಯಕರೆಂದು ನಾನು ಹೇಳುತ್ತಿಲ್ಲ. ಮಚ್ಚು ಬೀಸಿದವರೂ ಇದ್ದಾರೆ, ಬಡ್ಡಿ ವಸೂಲಿಗೆಂದು ಮನೆಗಳಿಗೆ ನುಗ್ಗಿದವರೂ ಇದ್ದಾರೆ. ಆದರೆ ಅದೇ ಸಾಲಿನಲ್ಲಿ, ಹರೆಯದಲ್ಲಿ ಒಂದು ಹೊಡೆದಾಟಕ್ಕೆ ಸಿಕ್ಕಿಬಿದ್ದು, ತಲೆ ನರೆತರೂ ಎದ್ದು ಹೋಗಲಾಗದವರೂ ಇದ್ದಾರೆ.

ಅಂಥವನೊಬ್ಬನನ್ನು ನಾನು ಬಲ್ಲೆ. ಶ್ರೀರಾಂಪುರದಲ್ಲಿ ನಮ್ಮ ವಠಾರದ ಹಿಂದಿನ ರಸ್ತೆಯವನು, ನನಗಿಂತ ಚಿಕ್ಕವನು. ಗಣೇಶನ ಮೆರವಣಿಗೆಯಲ್ಲಿ ಎರಡು ಗುಂಪುಗಳ ನಡುವೆ ಜಗಳವಾದಾಗ ಪೊಲೀಸರಿಗೆ ಸಿಕ್ಕಿದ. ಸ್ವಲ್ಪ ದಿನದಲ್ಲೇ ಇನ್ನೊಂದು ಕೇಸು ಬಿತ್ತು, ಠಾಣೆಯಲ್ಲಿ ಅವನ ಹೆಸರಿಗೆ ರೌಡಿ ಶೀಟು ತೆರೆದರು, ಅಂದರೆ ರೌಡಿ ಪಟ್ಟಿಗೆ ಸೇರಿಸಿದರು. ಆಮೇಲೆ ಆಟೊ ಓಡಿಸಿದ, ಮದುವೆಯಾದ. ಆದರೂ ಹಬ್ಬ ಬಂದರೆ ಠಾಣೆಯಿಂದ ಕರೆ, ಮುಚ್ಚಳಿಕೆ, ಒಂದು ದಿನದ ದುಡಿಮೆ ಖೋತಾ. ರಾತ್ರಿ ಪೊಲೀಸರು ಬಾಗಿಲು ಬಡಿದರೆಂದು ಮನೆ ಮಾಲೀಕರು ಖಾಲಿ ಮಾಡಿಸಿದರು. ಕಳೆದ ಸಲ ಊರಿಗೆ ಹೋದಾಗ ಅವನು ಹೇಳಿದ್ದು: "ಅಣ್ಣ, ಬಾಡಿಗೆಗೆ ಮನೆ ಕೊಡಲ್ಲ, ಬ್ಯಾಂಕ್ ಸಾಲ ಕೊಡಲ್ಲ. ನನ್ನ ಹೆಸರು ಕೇಳಿ ಹೆದರದೇ ಕೂರಿಸ್ಕೊಂಡು ಮಾತಾಡೋರು ಅಂದ್ರೆ ಆ ಹಳೇ ಗುಂಪಿನೋರು ಮಾತ್ರ."

ಆ ಮಾತು ಸಮಾಜಶಾಸ್ತ್ರದ ಪುಸ್ತಕದಲ್ಲಿ ಬಹಳ ಹಿಂದೆಯೇ ಬರೆದಿಟ್ಟದ್ದು. ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಲೆಮರ್ಟ್ 1951ರಲ್ಲಿ ಅಡ್ಡದಾರಿಯಲ್ಲಿ ಎರಡು ಹಂತ ಗುರುತಿಸಿದರು. ಮೊದಲನೆಯದು ಯಾರಿಂದಲೂ ಆಗಬಹುದಾದ ತಪ್ಪು. ಎರಡನೆಯದು, ಆ ತಪ್ಪಿಗೆ ಸಮಾಜ ತೋರಿಸಿದ ಪ್ರತಿಕ್ರಿಯೆಯ ಸುತ್ತಲೇ ಮನುಷ್ಯ ತನ್ನ ಬದುಕನ್ನು ಕಟ್ಟಿಕೊಳ್ಳುವುದು. ಶಿಕಾಗೊದಲ್ಲೇ ಹುಟ್ಟಿ ಓದಿದ ಹೊವರ್ಡ್ ಬೆಕರ್ 1963ರಲ್ಲಿ ಇನ್ನೂ ಮುಂದೆ ಹೋದರು: ನಿಯಮ ಯಾರು ಮಾಡುತ್ತಾರೆ, ಅದನ್ನು ಯಾರ ಮೇಲೆ ಹೇರುತ್ತಾರೆ ಎಂಬುದನ್ನು ನೋಡದೆ ಅಪರಾಧಿ ಯಾರೆಂದು ಹೇಳಲಾಗದು ಎಂದರು. ಅಪರಾಧವನ್ನು ವಿವರಿಸುವ ಸಿದ್ಧಾಂತಗಳು ಹಲವಿವೆ. ಬೆಂಗಳೂರು ಇವತ್ತು ಮೊದಲು ಓದಬೇಕಾದದ್ದು ಈ ಹಣೆಪಟ್ಟಿಯ ಸಿದ್ಧಾಂತವನ್ನು ಎಂದು ನನ್ನ ದೃಢವಾದ ನಂಬಿಕೆ.

ನಮಗೆ ಇದು ಹೊಸ ಸಂಗತಿಯೂ ಅಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಾ ಕಳ್ಳರೆಂದು ಬರೆದಿಟ್ಟಿತು. ಹುಬ್ಬಳ್ಳಿಯಲ್ಲಿ ಅಂಥವರನ್ನು ಬೇಲಿಯೊಳಗೆ ಇಟ್ಟಿದ್ದ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಎಂದೇ ಹೆಸರು. 1952ರಲ್ಲಿ ಕಾಯ್ದೆ ಹೋಯಿತು, ಕೊರಮ, ಕೊರಚರಂಥವರು ಆ ಪಟ್ಟಿಯಿಂದ ವಿಮುಕ್ತರಾದರು. ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ, ಅಂದರೆ ಪದೇ ಪದೇ ಅಪರಾಧ ಮಾಡುವವರ, ಕಾಯ್ದೆಗಳು ಬಂದವು. ಜೈಲು ಕೈಪಿಡಿಗಳಲ್ಲಿ ಈ ಸಮುದಾಯಗಳನ್ನು ರೂಢಿಗತ ಅಪರಾಧಿಗಳ ಜೊತೆ ಸೇರಿಸುವುದು ತಪ್ಪೆಂದು ಸುಪ್ರೀಂ ಕೋರ್ಟ್ ಹೇಳಲು 2024ರ ಅಕ್ಟೋಬರ್ ಬರಬೇಕಾಯಿತು. ಕಾಯ್ದೆಯನ್ನು ಒಂದು ದಿನದಲ್ಲಿ ರದ್ದು ಮಾಡಬಹುದು, ಠಾಣೆಯ ದಫ್ತರದಲ್ಲಿ ಕೂತ ಹೆಸರು ತಲೆಮಾರು ದಾಟುತ್ತದೆ.

ನಾನಿರುವ ಕಡೆಯೂ ಇದೇ ನಡೆದಿತ್ತು. ಶಿಕಾಗೊ ಪೊಲೀಸರು ಗ್ಯಾಂಗ್ ಸದಸ್ಯರ ದತ್ತಾಂಶ ಇಟ್ಟುಕೊಂಡಿದ್ದರು. ನಗರಾಡಳಿತದ ಮೇಲೆ ಕಣ್ಣಿಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ (ಇದು ಪೊಲೀಸ್ ಹುದ್ದೆಯಲ್ಲ) 2019ರಲ್ಲಿ ಅದನ್ನು ಪರಿಶೀಲಿಸಿದಾಗ 1,34,000ಕ್ಕೂ ಹೆಚ್ಚು ಹೆಸರುಗಳಿದ್ದವು. ನೂರಕ್ಕೆ 95 ಮಂದಿ ಕಪ್ಪು ಜನ ಅಥವಾ ಲ್ಯಾಟಿನೊಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. ಹೆಸರು ಸೇರಿದೆ ಎಂದು ಅವರಿಗೆ ತಿಳಿಸುವ ಕ್ರಮವಿರಲಿಲ್ಲ, ತೆಗೆಸುವ ದಾರಿಯೂ ಇರಲಿಲ್ಲ. ವ್ಯತ್ಯಾಸವಾದದ್ದು ಮುಂದೆ. ಲೆಕ್ಕ ಸಾರ್ವಜನಿಕವಾಯಿತು, ಕೋರ್ಟಿನಲ್ಲಿ ದಾವೆ ನಡೆಯಿತು, ಕೊನೆಗೆ 2023ರಲ್ಲಿ ಪೊಲೀಸರ ಮೇಲ್ವಿಚಾರಣೆಯ ನಾಗರಿಕ ಆಯೋಗ ಅದಕ್ಕೆ ತೆರೆ ಎಳೆಯಿತು.

ಅದಕ್ಕಿಂತ ನನಗೆ ಮುಖ್ಯವೆನಿಸುವುದು ನಾರ್ತ್ ಲಾನ್‌ಡೇಲ್ ಎಂಬ ಬಡ ಬಡಾವಣೆಯಲ್ಲಿ 2017ರಿಂದ ನಡೆಯುತ್ತಿರುವ ಒಂದು ನ್ಯಾಯಾಲಯ. ಹಿಂಸೆಯಿಲ್ಲದ ಅಪರಾಧಗಳಲ್ಲಿ ಸಿಕ್ಕಿಬಿದ್ದ 18ರಿಂದ 26 ವರ್ಷದವರು ಅಲ್ಲಿಗೆ ಬರುತ್ತಾರೆ. ತಪ್ಪು ಮಾಡಿದವನು, ನೊಂದವರು, ಬಡಾವಣೆಯ ಹಿರಿಯರು ಒಂದೇ ವೃತ್ತದಲ್ಲಿ ಕೂರುತ್ತಾರೆ. ಒಂದು ವಸ್ತು ಕೈಯಿಂದ ಕೈಗೆ ಹೋಗುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ಆದ ನಷ್ಟವನ್ನು ಹೇಗೆ ತುಂಬಿಕೊಡುವುದೆಂದು ಒಪ್ಪಂದವಾಗುತ್ತದೆ. ಒಪ್ಪಿದ್ದನ್ನು ಮಾಡಿ ಮುಗಿಸಿದರೆ ಕೇಸು ವಜಾ, ದಾಖಲೆಯೂ ಅಳಿಸಿಹೋಗುತ್ತದೆ. ನಮ್ಮ ಹಳ್ಳಿಗಳ ಪಂಚಾಯ್ತಿ ಕಟ್ಟೆಗಳ ಕಥೆ ಕೇಳಿ ಬೆಳೆದ ನನಗೆ ಇದು ಪರಕೀಯವೆನಿಸಲಿಲ್ಲ. ಕಟ್ಟೆಯಲ್ಲಿ ಜಾತಿಯ ಯಜಮಾನಿಕೆ ಇತ್ತು, ಇಲ್ಲಿ ನ್ಯಾಯಾಧೀಶರ ಕಣ್ಗಾವಲಿದೆ. ಆ ವ್ಯತ್ಯಾಸ ದೊಡ್ಡದು.

"ನಿಮ್ಮ ಶಿಕಾಗೊದಲ್ಲಿ ದಿನಾ ಗುಂಡು ಹಾರುತ್ತೆ, ನಮಗೆ ಬುದ್ಧಿ ಹೇಳ್ತೀರಾ?" ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. 27 ಲಕ್ಷದಷ್ಟು ಜನರಿರುವ ಶಿಕಾಗೊದಲ್ಲಿ 2021ರಲ್ಲಿ 800ರ ಆಸುಪಾಸು ಕೊಲೆಗಳಾದವು. ಕೋಟಿ ದಾಟಿದ ಬೆಂಗಳೂರಿನಲ್ಲಿ ವರ್ಷಕ್ಕೆ 200ರ ಆಚೀಚೆ. ಆದರೆ ಇದು ರೌಡಿ ಪಟ್ಟಿಯ ಪುಣ್ಯವಲ್ಲ. ಶಿಕಾಗೊದಲ್ಲಿ ಬಂದೂಕು ಸುಲಭವಾಗಿ ಸಿಗುತ್ತದೆ, ಬೆಂಗಳೂರಿನಲ್ಲಿ ಸಿಗುವುದಿಲ್ಲ, ಅದು ಮೊದಲ ಕಾರಣ. ಎರಡನೆಯದನ್ನು ಸಮಾಜಶಾಸ್ತ್ರಜ್ಞ ಟ್ರಾವಿಸ್ ಹಿರ್ಶಿ 1969ರಲ್ಲಿ ಹೇಳಿದ್ದಾರೆ. ಜನ ಯಾಕೆ ತಪ್ಪು ಮಾಡುತ್ತಾರೆ ಎಂದು ಕೇಳುವ ಬದಲು, ಹೆಚ್ಚಿನವರು ಯಾಕೆ ಮಾಡುವುದಿಲ್ಲ ಎಂದು ಅವರು ಕೇಳಿದರು. ಮನೆಯವರ ಮೇಲಿನ ಪ್ರೀತಿ, ಕಳೆದುಕೊಳ್ಳಲು ಏನಾದರೂ ಇರುವುದು, ಕೈತುಂಬ ಕೆಲಸ, ನಿಯಮದಲ್ಲಿ ನಂಬಿಕೆ, ಈ ಬಂಧಗಳು ಹಿಡಿದಿಡುತ್ತವೆ ಎಂದರು. ನಮ್ಮ ವಠಾರದಲ್ಲಿ ಸಿಗರೇಟು ಹಚ್ಚಿದ ಹುಡುಗನನ್ನು ಯಾರ ಮನೆಯ ಅಜ್ಜಿ ಬೇಕಾದರೂ ಕಿವಿ ಹಿಂಡಬಹುದಿತ್ತು. ಶೀಟು ತೆರೆದು, ಮನೆ ಖಾಲಿ ಮಾಡಿಸಿ, ದುಡಿಮೆ ಕಿತ್ತುಕೊಂಡರೆ ಕಡಿದುಹೋಗುವುದು ಈ ಬಂಧಗಳೇ.

ಇನ್ನೊಂದು ಮಾತು ಬೆಂಗಳೂರಿನಲ್ಲಿ ಪದೇ ಪದೇ ಕೇಳುತ್ತೇನೆ: ಆ ಏರಿಯಾದವರೇ ಹಾಗೆ, ಹೊರಗಿನವರು ಬಂದ ಮೇಲೆ ಊರು ಕೆಟ್ಟಿತು. ಸಂಶೋಧಕರಾದ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಶಿಕಾಗೊದ ಬಾಲಾಪರಾಧಿಗಳ ದಾಖಲೆಗಳನ್ನು ನಕ್ಷೆಯ ಮೇಲೆ ಗುರುತು ಹಾಕಿ 1942ರಲ್ಲಿ ಪ್ರಕಟಿಸಿದರು. ಕಾರ್ಖಾನೆಗಳ ಪಕ್ಕದ ಬಡ ಬಡಾವಣೆಗಳಲ್ಲಿ ಒಂದು ದೇಶದವರು ಹೋಗಿ ಇನ್ನೊಂದು ದೇಶದವರು ಬಂದರೂ ಅಲ್ಲಿ ಬಾಲಾಪರಾಧ ಹೆಚ್ಚಾಗಿಯೇ ಇತ್ತು. ಬಿಟ್ಟುಹೋದವರು ಒಳ್ಳೆಯ ಬಡಾವಣೆ ಸೇರಿದ ಮೇಲೆ ಅವರ ಮಕ್ಕಳಲ್ಲಿ ಅದು ಇಳಿಯಿತು. ದೋಷ ಕುಲದ್ದಲ್ಲ, ಜಾಗದ ಸ್ಥಿತಿಯದ್ದು. ಪರದೇಶದಲ್ಲಿ ನಾನೇ ಹೊರಗಿನವನಾಗಿರುವುದರಿಂದ ಈ ಸಂಶೋಧನೆ ನನಗೆ ಬಹಳ ಬೇಕಾದದ್ದು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1895ರಲ್ಲೇ ಅಪರಾಧವಿಲ್ಲದ ಸಮಾಜ ಇರುವುದಿಲ್ಲ ಎಂದಿದ್ದರು. ಅಮೆರಿಕದ ರಾಬರ್ಟ್ ಮರ್ಟನ್ 1938ರಲ್ಲಿ, ಎಲ್ಲರಿಗೂ ಒಂದೇ ಕನಸು ತೋರಿಸಿ ಅದನ್ನು ಮುಟ್ಟುವ ದಾರಿಯನ್ನು ಕೆಲವರಿಗೆ ಮಾತ್ರ ಕೊಟ್ಟರೆ ಉಳಿದವರು ಅಡ್ಡದಾರಿ ಹುಡುಕುತ್ತಾರೆ ಎಂದರು. ವೈಟ್‌ಫೀಲ್ಡಿನ ಟೆಕ್ ಪಾರ್ಕಿನ ಗೇಟಿಗೆ ಊಟ ತಂದುಕೊಡುವ ಹುಡುಗರನ್ನು ನೋಡಿದರೆ ಈ ಮಾತು ಅರ್ಥವಾಗುತ್ತದೆ. ಆದರೆ ಬಡತನದಿಂದಲೇ ಅಪರಾಧ ಎಂಬ ವಾದವನ್ನು ಎಡ್ವಿನ್ ಸದರ್ಲೆಂಡ್ 1939ರಲ್ಲೇ ಪ್ರಶ್ನಿಸಿದರು. ದೊಡ್ಡ ಹುದ್ದೆಯ, ಮರ್ಯಾದಸ್ಥರ ಅಪರಾಧಗಳು ಪೊಲೀಸರ ಲೆಕ್ಕಕ್ಕೆ ಬರುವುದೇ ಇಲ್ಲ ಎಂದು ತೋರಿಸಿದರು. ಬೆಂಗಳೂರಿನ ಕೆರೆ, ರಾಜಕಾಲುವೆ, ಗೋಮಾಳಗಳನ್ನು ನುಂಗಿದವರ ಬಗ್ಗೆ ಎ.ಟಿ. ರಾಮಸ್ವಾಮಿ ಅವರ ಸದನ ಸಮಿತಿ 2007ರಲ್ಲೇ ವರದಿ ಕೊಟ್ಟಿತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಕಡೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಯಿತು. ರಾಜಕಾಲುವೆಯ ಮೇಲೆ ಕಟ್ಟಡ ಎಬ್ಬಿಸಿದ ಯಾರನ್ನೂ ಮೈದಾನದಲ್ಲಿ ಕುಕ್ಕರಗಾಲಲ್ಲಿ ಕೂರಿಸಿದ್ದನ್ನು ನಾನು ನೋಡಿಲ್ಲ. ಯಾರನ್ನೂ ಹಾಗೆ ಕೂರಿಸುವುದು ಬೇಡ ಎಂಬುದೇ ನನ್ನ ನಿಲುವು. ಆದರೆ ಯಾರಿಗೆ ಪರೇಡು, ಯಾರಿಗೆ ಸಕ್ರಮ ಎಂಬುದನ್ನು ನೋಡಿದರೆ ಬೆಕರ್ ಹೇಳಿದ್ದು ಕಣ್ಣಿಗೆ ಹೊಡೆಯುತ್ತದೆ.

ಬದಲಾವಣೆಗೆ ಅಮೆರಿಕದ ಕಡೆ ನೋಡಬೇಕಾಗಿಯೂ ಇಲ್ಲ. ರೌಡಿ ಪಟ್ಟಿಗೆ ಸೇರಿಸುವ ಮೊದಲು ನೋಟಿಸ್ ಕೊಟ್ಟು ಅವನ ಅಹವಾಲು ಕೇಳಬೇಕೆಂದು ಕರ್ನಾಟಕ ಹೈಕೋರ್ಟೇ ಹೇಳಿದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ 18ರೊಳಗಿನವರ ಶಿಕ್ಷೆಯ ದಾಖಲೆಯನ್ನು, ಘೋರ ಪ್ರಕರಣಗಳನ್ನು ಬಿಟ್ಟು, ನಿಗದಿತ ಅವಧಿ ಮುಗಿದ ಮೇಲೆ ನಾಶಮಾಡಲು ಹೇಳುತ್ತದೆ. ಹಿಂಸೆಯಿಲ್ಲದ ಕೇಸುಗಳಲ್ಲಿ ಸಿಕ್ಕ 19, 20ರ ಹುಡುಗರಿಗೂ ರಾಜ್ಯ ಸರ್ಕಾರ ಅಂಥದ್ದೊಂದು ಅವಧಿ ನಿಗದಿ ಮಾಡಲಿ. ಪ್ರತಿ ಠಾಣೆಯೂ ವರ್ಷಕ್ಕೊಮ್ಮೆ ಎಷ್ಟು ಹೆಸರು ಸೇರಿಸಿತು, ಎಷ್ಟು ತೆಗೆಯಿತು ಎಂದು ಪ್ರಕಟಿಸಲಿ. ಪರೇಡಿನ ಮೈದಾನಕ್ಕೆ ಕ್ಯಾಮೆರಾ ಬಿಡುವುದನ್ನು ಈ ವರ್ಷದ ಹಬ್ಬದಿಂದಲೇ ನಿಲ್ಲಿಸಲಿ. ಅದಕ್ಕೆ ಹೊಸ ಕಾನೂನೂ ಬೇಡ, ಕಮಿಷನರ್ ಅವರ ಒಂದು ಸುತ್ತೋಲೆ ಸಾಕು.