ಉಣ್ಣೆಯ ಚೆಂಡು, ನೀಲಿ ಕೋಟು

ಅಕ್ಕನ ಮಗಳಿಗೆ ಶಾಲೆಯಲ್ಲಿ ‘ನನ್ನ ಮೆಚ್ಚಿನ ಕ್ರೀಡಾಪಟು’ ಎಂದು ಪ್ರಾಜೆಕ್ಟ್ ಕೊಟ್ಟಿದ್ದರು. ಹತ್ತು ವಾಕ್ಯ ಬರೆದು ಒಂದು ಚಿತ್ರ ಅಂಟಿಸಬೇಕು. ತರಗತಿಯ ಎಲ್ಲರೂ ಕೊಹ್ಲಿಯನ್ನೇ ಅಂಟಿಸಿಕೊಂಡು ಬರುತ್ತಾರೆಂಬ ಅನುಮಾನ ಅವಳಿಗೆ ಆಗಲೇ ಬಂದಿತ್ತು. ‘ಮಾಮ, ನಿನ್ನ ಮೆಚ್ಚಿನ ಆಟಗಾರ ಯಾರು?’ ಎಂದಳು. ನಾನು ಹಿಂದೆಮುಂದೆ ನೋಡದೆ, ‘ನಮ್ಮ ಕಾಲೇಜಿನ ಬಾಲ್ ಬ್ಯಾಡ್ಮಿಂಟನ್ ತಂಡದ ಸೆಂಟರ್’ ಎಂದುಬಿಟ್ಟೆ.

‘ಶಟಲ್ ಬ್ಯಾಡ್ಮಿಂಟನ್ನಾ?’

‘ಅಲ್ಲ.’

‘ಮತ್ತೆ?’

ಅಲ್ಲಿಗೆ ನನ್ನ ಹಳೆಯ ಉದ್ಯೋಗ ಮತ್ತೆ ಶುರುವಾಯಿತು. ಕ್ರಿಕೆಟ್ಟಿನ ಅಭಿಮಾನಿಯದು ಸುಖದ ಬಾಳು. ಅವನು ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ. ಹಪ್ಪಳ ಒಣಗಿಸುತ್ತ ಕುಳಿತ ನಮ್ಮ ಅಜ್ಜಿಗೂ ಎಲ್‌ಬಿಡಬ್ಲ್ಯು ಎಂದರೇನೆಂದು ಗೊತ್ತಿತ್ತು. ಬಾಲ್ ಬ್ಯಾಡ್ಮಿಂಟನ್ನಿನ ಅಭಿಮಾನಿ ಮಾತ್ರ ಪ್ರತಿ ಸಲವೂ ಚೆಂಡಿನಿಂದಲೇ ಆರಂಭಿಸಬೇಕು. ಚೆಂಡು ಉಣ್ಣೆಯದು, ಬಣ್ಣ ಹಳದಿ, ತೂಕ ಮೂವತ್ತು ಗ್ರಾಂ ಮೀರುವುದಿಲ್ಲ ಎನ್ನಬೇಕು. ಒಂದೊಂದು ಕಡೆ ಐದೈದು ಮಂದಿ, ನಡುವೆ ಆರಡಿ ಎತ್ತರದ ನೆಟ್ ಎನ್ನಬೇಕು. ತಂಜಾವೂರಿನ ಕಡೆ ಹುಟ್ಟಿದ ಆಟವಂತೆ ಎನ್ನುವಷ್ಟರಲ್ಲಿ ಕೇಳುವವರು ಮೊಬೈಲ್ ತೆಗೆದಿರುತ್ತಾರೆ. ಆಟಗಾರನ ವಿಷಯಕ್ಕೆ ಬರುವ ಅವಕಾಶ ನನಗೆ ಜೀವಮಾನದಲ್ಲಿ ಸಿಕ್ಕಿರುವುದು ನಾಲ್ಕೈದು ಸಲ ಇರಬಹುದು.

ಈಗ ಸಿಕ್ಕಿದೆ, ಬಿಡುವುದಿಲ್ಲ. ನಮ್ಮ ಕಾಲೇಜಿನಲ್ಲಿ ದೊಡ್ಡ ಮೈದಾನ ಕ್ರಿಕೆಟ್ಟಿನವರದು. ಬಾಲ್ ಬ್ಯಾಡ್ಮಿಂಟನ್ ಅಂಕಣ ಕ್ಯಾಂಟೀನಿನ ಹಿಂದೆ, ಪಾತ್ರೆ ತೊಳೆದ ನೀರು ಹರಿಯುವ ಚರಂಡಿಯ ಪಕ್ಕದಲ್ಲಿತ್ತು. ಸಂಜೆ ನಾಲ್ಕೂವರೆಗೆ ಹುಡುಗರು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ಒಬ್ಬ. ಆ ಒಬ್ಬನೇ ಸೆಂಟರ್. ಉಳಿದ ನಾಲ್ವರಿಗೆ ಬರುವುದೋ ಇಲ್ಲವೋ ಎಂಬಂಥ ಚೆಂಡುಗಳೆಲ್ಲ ಅವನ ಪಾಲು. ನಮ್ಮ ಸೆಂಟರ್ ಎಡಗೈಯವನು, ಸಣಕಲು. ತರಗತಿಯಲ್ಲಿ ಹಾಜರಿ ಕೂಗಿದರೆ ‘ಎಸ್ ಸರ್’ ಎನ್ನುವುದಕ್ಕೂ ಎರಡು ಸಲ ಯೋಚಿಸುವ ಪೈಕಿ. ಅಂಕಣದಲ್ಲಿ ಮಾತ್ರ ಅವನ ಮಣಿಕಟ್ಟು ಬೇರೆ ಯಾರದೋ ಆಗಿರುತ್ತಿತ್ತು. ಇಡೀ ತೋಳು ಬೀಸಿ ಬರುವುದನ್ನು ಕಂಡು ಎದುರಿನ ಹಿಂಬದಿಯವರಿಬ್ಬರೂ ಇನ್ನೆರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು; ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಸಡಿಲವಾಗಿ, ಚೆಂಡು ನೆಟ್ಟನ್ನು ಸವರಿಕೊಂಡು ಆಚೆ ಬೀಳುತ್ತಿತ್ತು. ಬೀಳುತ್ತಿತ್ತು ಎಂದರೆ ಕುಳಿತುಬಿಡುತ್ತಿತ್ತು. ಉಣ್ಣೆಯ ಚೆಂಡು ಟೆನಿಸ್ ಚೆಂಡಿನ ಹಾಗೆ ಪುಟಿದು ತಮಾಷೆ ಮಾಡುವುದಿಲ್ಲ. ಬಿದ್ದಲ್ಲೇ ಸುಸ್ತಾದ ಮರಿಕೋಳಿಯಂತೆ ಕೂರುತ್ತದೆ.

ನೋಡುವವರು ನಾವು ಮೂವರು: ನಾನು, ದೋಸೆ ಹುಯ್ಯುವ ಭಟ್ಟರು ಮತ್ತು ಭಟ್ಟರ ದೋಸೆಗಾಗಿ ಬರುವ ಒಂದು ಕಂದು ನಾಯಿ. ಭಟ್ಟರು ಸಟ್ಟುಗ ಹಿಡಿದೇ ಹಿಂಬಾಗಿಲಲ್ಲಿ ನಿಲ್ಲುತ್ತಿದ್ದರು. ‘ಹಾಕಿದ ನೋಡು, ಮತ್ತೆ ಅದನ್ನೇ ಹಾಕಿದ’ ಎನ್ನುವಷ್ಟರಲ್ಲಿ ಒಳಗೆ ದೋಸೆ ಸೀದಿರುತ್ತಿತ್ತು. ನಮ್ಮ ಆಟಗಾರನ ಜನಪ್ರಿಯತೆಯನ್ನು ಅಳೆಯುವುದಿದ್ದರೆ ಆ ವರ್ಷ ಸೀದ ದೋಸೆಗಳನ್ನು ಎಣಿಸಬೇಕಿತ್ತು. ಮಳೆಗಾಲ ಬಂದರೆ ಮಾತ್ರ ಎಲ್ಲಕ್ಕೂ ವಿರಾಮ. ನೆನೆದ ಉಣ್ಣೆ ಭಾರವಾಗಿ ಚೆಂಡು ಚೆಂಡಾಗಿ ಉಳಿಯುವುದಿಲ್ಲ. ಅವನು ಜೂನ್ ತಿಂಗಳಿಡೀ ಹಾಸ್ಟೆಲಿನ ವರಾಂಡದಲ್ಲಿ ಗೋಡೆಗೆ ಎದುರಾಗಿ, ಚೆಂಡಿಲ್ಲದೆ, ಬರಿಯ ಬ್ಯಾಟು ಬೀಸುತ್ತಿದ್ದ. ಮೊದಲ ವರ್ಷದವರು ಅದನ್ನು ಸೊಳ್ಳೆ ಹೊಡೆಯುವ ಅಭ್ಯಾಸವೆಂದು ತಿಳಿದಿದ್ದರು.

ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಆಯ್ಕೆಯಾದವರನ್ನು ‘ಬ್ಲೂ’ ಎನ್ನುತ್ತಾರೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಂದ ಬಂದ ಪದ. ಅಲ್ಲಿನ ಚಳಿಗೆ ಸರಿಹೋದ ಗೌರವವನ್ನು ನಮ್ಮವರು ಉಡುಪಿನ ಸಮೇತ ತರಿಸಿಕೊಂಡಿದ್ದಾರೆ. ನಮ್ಮ ಸೆಂಟರನಿಗೂ ಒಂದು ನೀಲಿ ಬ್ಲೇಜರ್ ಸಿಕ್ಕಿತು. ಕರಾವಳಿಯ ಏಪ್ರಿಲ್ ಸೆಖೆಯಲ್ಲಿ, ಕಾಲೇಜು ವಾರ್ಷಿಕೋತ್ಸವಕ್ಕೆ, ಅವನು ಅದನ್ನು ಗುಂಡಿ ಹಾಕಿಕೊಂಡೇ ತೊಟ್ಟು ಬಂದ. ಬೆವರು ಕಿವಿಯ ಹಿಂದಿನಿಂದ ಇಳಿದು ಕಾಲರಿನೊಳಗೆ ಹೋಗುತ್ತಿತ್ತು. ‘ತೆಗೆಯಬಾರದೇನೋ?’ ಎಂದೆ. ‘ತೆಗೆದರೆ ಯಾರಿಗೆ ಗೊತ್ತಾಗುತ್ತದೆ?’ ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇಂದಿಗೂ ಆಗಿಲ್ಲ.

ನಮ್ಮ ತರಗತಿಯಲ್ಲಿ ಖೋ ಖೋ ಹುಡುಗಿಯೂ ಒಬ್ಬಳಿದ್ದಳು. ಬೆಂಚಿನ ತುದಿಯಲ್ಲಿ, ಒಂದು ಕಾಲು ಹಿಂದಿಟ್ಟುಕೊಂಡು, ಈಗ ಯಾರಾದರೂ ಬೆನ್ನು ಮುಟ್ಟಿ ‘ಖೋ’ ಎಂದರೆ ಎದ್ದು ಹಾರುವವಳ ಹಾಗೆ ಕೂರುತ್ತಿದ್ದಳು. ಗಂಟೆ ಬಾರಿಸಿದರೆ ಮೊದಲು ಬಾಗಿಲು ದಾಟುವವಳೂ ಅವಳೇ. ಈ ಆಟದ ನಿಯಮ ಎಲ್ಲರಿಗೂ ಗೊತ್ತು, ವಿವರಿಸುವ ಕಷ್ಟವಿಲ್ಲ. ಆದರೆ ಗೊತ್ತಿರುವುದರಿಂದಲೇ ಯಾರೂ ನೋಡುವುದಿಲ್ಲ, ಪ್ರಾಥಮಿಕ ಶಾಲೆಯಲ್ಲಿ ತಾವೂ ಆಡಿದ್ದೇ ತಾನೇ ಎಂಬ ಅಸಡ್ಡೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊಟ್ಟಮೊದಲ ಖೋ ಖೋ ವಿಶ್ವಕಪ್ ನಡೆದು, ಭಾರತದ ಪುರುಷರೂ ಮಹಿಳೆಯರೂ ಫೈನಲಿನಲ್ಲಿ ನೇಪಾಳವನ್ನು ಸೋಲಿಸಿದಾಗ, ಗೆದ್ದ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಪತ್ರಿಕೆಯಲ್ಲಿ ಚಿತ್ರ ನೋಡಿ ನನಗೆ ಮೊದಲು ನೆನಪಾದದ್ದು ಆ ಬೆಂಚಿನ ತುದಿ.

ಹಾಸ್ಟೆಲಿನ ಭಾರ ಎತ್ತುವವನ ಕಷ್ಟ ಮಾತ್ರ ಬೇರೆಯದೇ. ವೇಟ್‌ಲಿಫ್ಟರ್ ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು, ಅರ್ಥವಾದದ್ದು ತಪ್ಪಾಗಿ. ಕೊಠಡಿ ಬದಲಿಸುವವರೆಲ್ಲ ಕಬ್ಬಿಣದ ಬೀರು ಸಾಗಿಸಲು ಅವನನ್ನೇ ಕರೆಯುತ್ತಿದ್ದರು. ಮೆಸ್ಸಿಗೆ ಗ್ಯಾಸ್ ಸಿಲಿಂಡರ್ ಬಂದರೂ ಅವನಿಗೇ ಕೂಗು. ‘ಬೀರುವಿಗೆ ಹಿಡಿಯುವ ಜಾಗವೇ ಇರುವುದಿಲ್ಲ ಮಾರಾಯ, ಸೊಂಟ ಹಿಡಿದುಕೊಳ್ಳುತ್ತದೆ’ ಎಂದು ಗೊಣಗುತ್ತಲೇ ಎತ್ತುತ್ತಿದ್ದ. ಸ್ಪರ್ಧೆಯ ದಿನ ಹತ್ತಿರ ಬಂತೆಂದರೆ, ಮೈತೂಕ ತನ್ನ ವಿಭಾಗದ ಗೆರೆ ದಾಟಬಾರದೆಂದು, ಪಾಯಸದ ದಿನವೂ ಬರಿಯ ತಟ್ಟೆಯ ಮುಂದೆ ಕೂರುತ್ತಿದ್ದ. ನಾವು ಅವನ ಪಾಯಸವನ್ನು ಸಂತಾಪಪೂರ್ವಕವಾಗಿ ಕುಡಿಯುತ್ತಿದ್ದೆವು.

ಆದ್ದರಿಂದಲೇ 2018ರ ಏಪ್ರಿಲ್ 5ರ ಬೆಳಿಗ್ಗೆ ನಾನು ಟಿವಿ ಬಿಟ್ಟು ಏಳಲಿಲ್ಲ. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ವೇದಿಕೆಯ ಮೇಲೆ ಕುಂದಾಪುರದ ಬಳಿಯ ವಂಡ್ಸೆಯ ಗುರುರಾಜ ಪೂಜಾರಿ. ಚಾಲಕರ ಮಗ. ಕುಸ್ತಿಯ ಆಸೆ ಇಟ್ಟುಕೊಂಡಿದ್ದವರು ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಸೇರಿದ ಮೇಲೆ ಭಾರ ಎತ್ತುವುದಕ್ಕೆ ಹೊರಳಿದರು. ಮೈತೂಕ 56 ಕೆ.ಜಿ. ವಿಭಾಗದ್ದು. ಭಾರವನ್ನು ಒಂದೇ ಸಲಕ್ಕೆ ತಲೆಯ ಮೇಲೆ ಒಯ್ಯುವ ಸ್ನ್ಯಾಚ್‌ನಲ್ಲಿ 111 ಕೆ.ಜಿ. ಎತ್ತಿ ಆಗಿತ್ತು. ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಎರಡು ಪ್ರಯತ್ನ ಕೈಕೊಟ್ಟವು. ಇನ್ನೊಂದೇ ಉಳಿದಿತ್ತು, ಅದೂ ಹೋದರೆ ಮೊದಲು ಎತ್ತಿದ್ದಕ್ಕೂ ಬೆಲೆಯಿಲ್ಲ, ಒಟ್ಟು ಲೆಕ್ಕವೇ ಇಲ್ಲ. ಮೂರನೆಯದರಲ್ಲಿ 138 ಕೆ.ಜಿ. ತಲೆಯ ಮೇಲೆ ನಿಂತಿತು. ಒಟ್ಟು 249, ಬೆಳ್ಳಿ. ಮೂರನೆಯ ಸ್ಥಾನದ ಶ್ರೀಲಂಕಾದವರದು 248. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ನಾನು ಸೋಫಾದಿಂದ ಎದ್ದು ಕೈ ಎತ್ತಿದೆ, ಕೈಯಲ್ಲಿದ್ದ ಕಾಫಿಯ ಸಮೇತ. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅವರೇ 61 ಕೆ.ಜಿ. ವಿಭಾಗದಲ್ಲಿ 269 ಎತ್ತಿ ಕಂಚು ತಂದರು. ಆ ಸಲ ಲೋಟವನ್ನು ಮೊದಲೇ ಕೆಳಗಿಟ್ಟಿದ್ದೆ.

ಇಷ್ಟನ್ನೂ ಹೇಳಿ, ‘ನೋಡು, ಗುರುರಾಜರ ಬಗ್ಗೆ ಬರೆ, ಚಿತ್ರವೂ ಸಿಗುತ್ತದೆ’ ಎಂದೆ. ಅವಳು ತಲೆಯಾಡಿಸಿದಳು. ಬೀದಿಯ ಕೊನೆಯ ಸ್ಟೇಷನರಿ ಅಂಗಡಿಗೆ ಹೋದೆವು. ಅಂಗಡಿಯವರು ಐದು ರೂಪಾಯಿಯ ಚಾರ್ಟ್ ತೆಗೆದರು. ಹದಿನಾರು ಪುಟ್ಟ ಚಿತ್ರಗಳಲ್ಲಿ ಹನ್ನೊಂದು ಕ್ರಿಕೆಟ್ಟಿನವರದು. ‘ಬಾಲ್ ಬ್ಯಾಡ್ಮಿಂಟನ್ ಇದೆಯಾ ಅಂಕಲ್?’ ಎಂದು ಅವಳು ಕೇಳಿದಳು. ನನಗೆ ಆಶ್ಚರ್ಯವಾಯಿತು. ಅವರು ಸಿಂಧು ಅವರ ಚಿತ್ರದ ಮೇಲೆ ಬೆರಳಿಟ್ಟರು. ‘ಇದು ಶಟಲ್. ಅದು ಬೇರೆ. ಅದರ ಚೆಂಡು ಉಣ್ಣೆಯದು’ ಎಂದು ಅವಳು ಶುರು ಮಾಡಿದಳು. ಹಿಂದೆ ಜೆರಾಕ್ಸ್‌ಗೆ ನಿಂತವರು ಕೈಗಡಿಯಾರ ನೋಡಿಕೊಂಡರು.

ಕೊನೆಗೆ ಅವಳು ಅಜ್ಜಿಯ ಹೆಣಿಗೆ ಬುಟ್ಟಿಯಿಂದ ಹಳದಿ ಎಳೆ ಎತ್ತಿಕೊಂಡು, ಗುಂಡಗೆ ಸುತ್ತಿ, ಚಿತ್ರ ಅಂಟಿಸಬೇಕಾದ ಜಾಗದಲ್ಲಿ ಗೋಂದು ಹಚ್ಚಿ ಕೂರಿಸಿದ್ದಳು. ಹಾಳೆ ಮಡಚಲು ಬರುತ್ತಿರಲಿಲ್ಲ. ಬರೆದದ್ದನ್ನು ಓದಿದೆ. ಹತ್ತು ವಾಕ್ಯಗಳಲ್ಲಿ ಏಳು ಚೆಂಡಿಗೂ ನೆಟ್ಟಿಗೂ ಹೋಗಿದ್ದವು. ನಮ್ಮ ಸೆಂಟರನಿಗೆ ಉಳಿದಿದ್ದವು ಮೂರು, ಅದರಲ್ಲೊಂದು ಕೋಟಿನದು.